ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ, ನರ್ಸಿಲ್ಲ: ಮನವಿ ಕೊಟ್ಟು ಸುಸ್ತಾದವರು ಇನ್ನು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಎಣ್ಮಕಜೆಯವರೆಗೆ ಎಲ್ಲ ಕಡೆ ನಡೆಯುವುದು ಒಂದೇ ಕ್ರಮ. ಊರಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ. ನಾಲ್ಕು ಜನ ಸೇರಿ ಮನವಿ ಬರೆಯುತ್ತಾರೆ, ಮಂತ್ರಿಗೋ ಶಾಸಕರಿಗೋ ಕೊಡುತ್ತಾರೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಮೂರು ತಿಂಗಳಾದ ಮೇಲೆ "ಪರಿಶೀಲಿಸಲಾಗುತ್ತಿದೆ" ಎಂದು ಒಂದು ಸಾಲಿನ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು.

ಇದು ಸೋಲುವುದಕ್ಕೆ ಕಾರಣ ಸರಳ. "ಡಾಕ್ಟರಿಲ್ಲ" ಎನ್ನುವ ಮಾತಿಗೆ ಸರ್ಕಾರಿ ಕಡತದಲ್ಲಿ ಅರ್ಥವೇ ಇಲ್ಲ. ಹುದ್ದೆಯೇ ಮಂಜೂರಾಗಿಲ್ಲವೋ, ಹುದ್ದೆ ಇದ್ದು ಖಾಲಿಯೋ, ಹುದ್ದೆಯಲ್ಲಿರುವವರನ್ನು ಬೇರೆ ಕಡೆ ಕಳುಹಿಸಿದ್ದಾರೋ, ದೀರ್ಘ ರಜೆಯಲ್ಲಿದ್ದಾರೋ? ಇವೆಲ್ಲ ಬೇರೆ ಬೇರೆ ಸಮಸ್ಯೆಗಳು, ಇವುಗಳನ್ನು ನೋಡುವ ಮೇಜುಗಳೂ ಬೇರೆ. ತಪ್ಪು ಮೇಜಿಗೆ ಹೋದ ಮನವಿ ಎಷ್ಟೇ ನ್ಯಾಯವಾದದ್ದಾದರೂ ಅಲ್ಲೇ ಕೂರುತ್ತದೆ. ಹಾಗಾಗಿ ಮೊದಲು ಪತ್ತೆ, ಆಮೇಲೆ ಬೇಡಿಕೆ. ಈ ಕ್ರಮ ತಪ್ಪಿಸಬೇಡಿ.

ಇದನ್ನು ವಾರ್ಡು ಸದಸ್ಯರು, ಆಸ್ಪತ್ರೆ ನಿರ್ವಹಣಾ ಸಮಿತಿಯವರು ಅಂದರೆ ಎಚ್‌ಎಂಸಿಯವರು, ಕುಟುಂಬಶ್ರೀ ಮಹಿಳಾ ಸಂಘದವರು, ಕ್ಲಬ್ಬಿನವರು, ಸುಮ್ನೆ ಬೇಸತ್ತ ಊರಿನವರು, ಯಾರು ಬೇಕಾದರೂ ಮಾಡಬಹುದು. ಪಕ್ಷದ ಬಾವುಟ ಮಾತ್ರ ಮನೆಯಲ್ಲಿಟ್ಟು ಬನ್ನಿ.

## ಶುರು ಮಾಡುವ ಮೊದಲು ಬೇಕಾಗುವುದು

ಒಂದು ಉದ್ದ ನೋಟ್‌ಬುಕ್. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಕೆಲವು. ಸರದಿಯಲ್ಲಿ ಆಸ್ಪತ್ರೆಗೆ ಹೋಗಿ ಕೂರಬಲ್ಲ ನಾಲ್ಕೈದು ಜನ. ಸರ್ಕಾರಿ ಮಲಯಾಳ ಓದಿ ಬರೆಯಬಲ್ಲ ಒಬ್ಬರು, ಇದು ಬಹಳ ಮುಖ್ಯ. ಕೊಟ್ಟ ಪ್ರತಿಯೊಂದು ಕಾಗದದ ನಕಲು ಮತ್ತು ಸ್ವೀಕೃತಿ ಇಡಲು ಒಂದು ಫೈಲು. ಸ್ವೀಕೃತಿ ಇಲ್ಲದ ಕಾಗದ ಕೊಡದಿದ್ದ ಹಾಗೇ.

## ಹಂತ 1: ಕಣ್ಣಿಗೆ ಕಾಣುವುದನ್ನು ಒಂದು ತಿಂಗಳು ಬರೆಯಿರಿ

ಕೆಲಸದ ದಿನಗಳಲ್ಲೆಲ್ಲ ಒಬ್ಬರು ಹೋಗಿ ಇಷ್ಟು ಬರೆಯಬೇಕು: ದಿನಾಂಕ, ಒಪಿ ಅಂದರೆ ಹೊರರೋಗಿ ವಿಭಾಗ ಶುರುವಾದ ಹೊತ್ತು, ಕೊನೆಯ ಟೋಕನ್ ಕೊಟ್ಟ ಹೊತ್ತು, ಎಷ್ಟು ಡಾಕ್ಟರು ಕೂತಿದ್ದರು, ಲ್ಯಾಬ್ ತೆರೆದಿತ್ತೋ, ಔಷಧ ಕೌಂಟರಿನಲ್ಲಿ ಫಾರ್ಮಸಿಸ್ಟ್ ಇದ್ದರೋ, ಯಾವ ಔಷಧ ಹೊರಗೆ ತೆಗೆದುಕೊಳ್ಳಲು ಹೇಳಿದರು.

ಇದಕ್ಕೆ ಇನ್ನೊಂದು ಕಾಲಂ ಸೇರಿಸಿ. ಚಿಕಿತ್ಸೆ ಸಿಗದೆ ವಾಪಸ್ ಹೋದವರು ಎಷ್ಟು? ಗಡಿನಾಡಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕಾಲಂ ಇದು. ಯಾಕೆ ಅಂದರೆ ನಮ್ಮವರು ಡಾಕ್ಟರಿಲ್ಲ ಎಂದು ಗೊತ್ತಾದ ಕೂಡಲೇ ಮಂಗಳೂರಿನ ಬಸ್ಸು ಹತ್ತುತ್ತಾರೆ, ದೇರಳಕಟ್ಟೆಗೆ ಹೋಗುತ್ತಾರೆ, ಕೆಲವರು ಪುತ್ತೂರಿಗೆ. ಅವರ ಹೆಸರು ಇಲ್ಲಿನ ಒಪಿ ರಿಜಿಸ್ಟರಿನಲ್ಲಿ ಬೀಳುವುದೇ ಇಲ್ಲ. ಆಗ ಕಾಗದದಲ್ಲಿ ಈ ಆಸ್ಪತ್ರೆಗೆ ರೋಗಿಗಳೇ ಕಡಿಮೆ ಎಂದು ಕಾಣುತ್ತದೆ. ರೋಗಿಗಳು ಕಡಿಮೆ ಎಂದು ಹೊಸ ಹುದ್ದೆ ಕೊಡುವುದಿಲ್ಲ, ಹುದ್ದೆ ಇಲ್ಲ ಎಂದು ರೋಗಿಗಳು ಇನ್ನೂ ಕಡಿಮೆಯಾಗುತ್ತಾರೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಲೆಕ್ಕದ ತಪ್ಪು ಏನೆಂದು ಇಡೀ ಜಿಲ್ಲೆಗೆ ಅರ್ಥವಾಯಿತು, ಆಂಬುಲೆನ್ಸುಗಳನ್ನೂ ತಿರುಗಿಸಿ ಕಳುಹಿಸಿದ ದಿನಗಳವು. ಅದು ಮರೆಯುವ ವಿಷಯವಲ್ಲ.

ಮಾಡಬಾರದ್ದು: ರೋಗಿಯ ಹೆಸರು, ಕಾಯಿಲೆ ಬರೆಯಬೇಡಿ. ಡಾಕ್ಟರ ಕೋಣೆಯೊಳಗೆ ಮೊಬೈಲ್ ಹಿಡಿದು ವಿಡಿಯೋ ಮಾಡಬೇಡಿ. ಸಂಖ್ಯೆ ಸಾಕು.

## ಹಂತ 2: ವೈದ್ಯಾಧಿಕಾರಿಯ ಜೊತೆ ಕೂತು ಮಾತಾಡಿ

ತುಂಬ ಜನ ಇದನ್ನು ಬಿಟ್ಟು ನೇರವಾಗಿ ಮಾಹಿತಿ ಹಕ್ಕು ಅರ್ಜಿ ಹಾಕುತ್ತಾರೆ. ಆಗ ಆಸ್ಪತ್ರೆಯ ವೈದ್ಯಾಧಿಕಾರಿಗೆ ಇವರು ನನ್ನ ಮೇಲೆ ದೂರು ಕೊಡಲು ಬಂದವರು ಎನಿಸುತ್ತದೆ, ಬಾಯಿ ಮುಚ್ಚುತ್ತಾರೆ. ನಿಜ ಹೇಳಬೇಕೆಂದರೆ ಜನ ಸಾಲದೆ ಜಾಸ್ತಿ ಕಷ್ಟಪಡುವುದು ಅವರೇ. ಒಬ್ಬರೇ ಡಾಕ್ಟರ್ ಒಪಿ ನೋಡಬೇಕು, ಪಂಚಾಯತು ಸಭೆಗೆ ಹೋಗಬೇಕು, ಜಿಲ್ಲಾ ಮೀಟಿಂಗಿಗೆ ಹೋಗಬೇಕು, ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು, ಮಳೆಗಾಲದಲ್ಲಿ ಡೆಂಗ್ಯೂ ಬಂದರೆ ಫೀಲ್ಡಿಗೂ ಇಳಿಯಬೇಕು.

ಒಪಿ ಮುಗಿದ ಮೇಲೆ, ಮೊದಲೇ ಸಮಯ ಕೇಳಿಕೊಂಡು, ಇಬ್ಬರೇ ಹೋಗಿ. ಮೂರು ಪ್ರಶ್ನೆ ಸಾಕು: "ಸಾರ್, ಇಲ್ಲಿಗೆ ಮಂಜೂರಾದ ಹುದ್ದೆ ಎಷ್ಟು? ಯಾರಾದರೂ ವರ್ಕಿಂಗ್ ಅರೇಂಜ್‌ಮೆಂಟಿನಲ್ಲಿ ಬೇರೆ ಕಡೆ ಹೋಗಿದ್ದಾರಾ? ನಾವು ಪಂಚಾಯತಿನಿಂದ ಏನು ಮಾಡಿಸಿದರೆ ನಿಮಗೆ ಅನುಕೂಲ?" ವರ್ಕಿಂಗ್ ಅರೇಂಜ್‌ಮೆಂಟ್ ಅಂದರೆ ಹುದ್ದೆ ಇಲ್ಲಿ, ಕೆಲಸ ಬೇರೆ ಕಡೆ. ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಬರೆದುಕೊಳ್ಳಿ. ಕೆಲವು ಸಲ ಅದು ಕ್ವಾರ್ಟರ್ಸಿನ ಸೋರುವ ಮಾಡು, ಕೆಲವು ಸಲ ಒಪಿ ಟಿಕೆಟ್ ಬರೆಯಲು ಒಂದು ಆಳು. ಇವು ಪಂಚಾಯತಿನ ಕೈಯಲ್ಲೇ ಮುಗಿಯುವ ಕೆಲಸಗಳು.

## ಹಂತ 3: ಡಿಎಂಒ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ

ಅರ್ಜಿಯನ್ನು ಊರಿನ ಆರೋಗ್ಯ ಕೇಂದ್ರಕ್ಕೆ ಹಾಕಬೇಡಿ. ಜಿಲ್ಲಾ ವೈದ್ಯಾಧಿಕಾರಿ (ಡಿಎಂಒ) ಕಚೇರಿಯ ಮಾಹಿತಿ ಅಧಿಕಾರಿಗೆ ಹಾಕಿ. ಹುದ್ದೆಯ ಕಡತಗಳು ಇರುವುದು ಅಲ್ಲಿ.

2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಆಗಿದ್ದರೆ ದಾಖಲೆ ಲಗತ್ತಿಸಿದರೆ ಶುಲ್ಕ ಇಲ್ಲ. ಅರ್ಜಿ ಕನ್ನಡದಲ್ಲೇ ಬರೆಯಬಹುದಾ ಎಂದು ಕೇಳುವವರು ಬಹಳ. ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರ್ಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡುವ ಹಕ್ಕು ಕೊಟ್ಟಿದೆ. ಈ ಹಕ್ಕನ್ನು ಬಳಸದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ, ಹಾಗಾಗಿ ಧೈರ್ಯವಾಗಿ ಕನ್ನಡದಲ್ಲೇ ಬರೆಯಿರಿ.

ಕೇಳಬೇಕಾದದ್ದು ಹೀಗೆ:

1. ಈ ಕೇಂದ್ರಕ್ಕೆ ಇಂದಿನವರೆಗೆ ಮಂಜೂರಾದ ಎಲ್ಲ ಹುದ್ದೆಗಳ ಪಟ್ಟಿ, ಸರ್ಕಾರಿ ಆದೇಶದ ಸಂಖ್ಯೆ ಮತ್ತು ದಿನಾಂಕ ಸಹಿತ.
2. ಅವುಗಳಲ್ಲಿ ಖಾಲಿ ಇರುವ ಹುದ್ದೆಗಳು, ಪ್ರತಿಯೊಂದೂ ಯಾವ ದಿನಾಂಕದಿಂದ ಖಾಲಿ ಎಂಬ ವಿವರ.
3. ಈ ಕೇಂದ್ರದ ಹುದ್ದೆಯಲ್ಲಿದ್ದು ಬೇರೆ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿರುವವರ ಹುದ್ದೆಯ ಹೆಸರು, ವರ್ಕಿಂಗ್ ಅರೇಂಜ್‌ಮೆಂಟ್ ಆದೇಶದ ಪ್ರತಿ.
4. ಖಾಲಿ ಹುದ್ದೆಗಳನ್ನು ಪಿಎಸ್‌ಸಿಗೆ (ಕೇರಳ ಲೋಕ ಸೇವಾ ಆಯೋಗಕ್ಕೆ) ವರದಿ ಮಾಡಿದ ಪತ್ರಗಳ ಪ್ರತಿ.
5. ಕಳೆದ 12 ತಿಂಗಳ ಒಪಿ ಮಾಸಿಕ ವರದಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಒಂದು, "ಯಾಕೆ ನೇಮಕ ಮಾಡಿಲ್ಲ?" ಎಂದು ಕೇಳುವುದು. ಕಚೇರಿಯಲ್ಲಿ ದಾಖಲೆಯಾಗಿ ಇರುವುದನ್ನಷ್ಟೇ ಅವರು ಕೊಡಬೇಕು, ಕಾರಣ ಬರೆದು ಕೊಡುವ ಕರ್ತವ್ಯ ಅವರಿಗಿಲ್ಲ. "ಯಾಕೆ" ಎಂದ ಕೂಡಲೇ ಅರ್ಜಿ ತಿರಸ್ಕರಿಸಲು ಅವರಿಗೆ ಒಂದು ನೆಪ ಸಿಕ್ಕಿತು. ಎರಡು, ನೌಕರರ ಹೆಸರು ಹಿಡಿದು ಅವರ ರಜೆಯ ಕಾರಣ ಕೇಳುವುದು. ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ. ಹುದ್ದೆ ಮತ್ತು ದಿನಾಂಕ ಕೇಳಿ, ಸಾಕು.

30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಅರೆಬರೆ ಬಂದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಈ ದಿನಾಂಕಗಳನ್ನು ಅರ್ಜಿ ಹಾಕಿದ ದಿನವೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

## ಹಂತ 4: ಕೊರತೆ ಯಾವ ಬಗೆಯದ್ದು ಎಂದು ಬೇರ್ಪಡಿಸಿ

ಈಗ ನಿಮ್ಮ ಒಂದು ತಿಂಗಳ ನೋಟ್‌ಬುಕ್ಕನ್ನೂ ಡಿಎಂಒ ಉತ್ತರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ, ಅವಸರ ಬೇಡ.

ಹುದ್ದೆಯೇ ಇಲ್ಲ. ಉದಾಹರಣೆಗೆ ಸಂಜೆಯವರೆಗೆ ಒಪಿ ಬೇಕು ಎನ್ನುತ್ತೀರಿ, ಆದರೆ ಮಂಜೂರಾದದ್ದೇ ಒಂದು ಡಾಕ್ಟರ್ ಹುದ್ದೆ. 2017ರಲ್ಲಿ ಕೇರಳ ಸರ್ಕಾರದ ಆರ್ದ್ರಂ ಮಿಷನ್ ಶುರುವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು (ಪಿಎಚ್‌ಸಿ) ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮೇಲಕ್ಕೇರಿಸಿದರು, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಒಪಿ, ಅದಕ್ಕೆ ಮೂವರು ಡಾಕ್ಟರು, ನಾಲ್ವರು ಸ್ಟಾಫ್ ನರ್ಸ್ ಎನ್ನುವುದು ಆ ಯೋಜನೆಯ ಲೆಕ್ಕ. ಬೋರ್ಡು ಬದಲಾಗಿ ಹುದ್ದೆ ಬಾರದೆ ಇದ್ದರೆ ನಿಮ್ಮ ಬೇಡಿಕೆ ಹುದ್ದೆ ಸೃಷ್ಟಿ. ಅದು ತಿರುವನಂತಪುರದಲ್ಲಿ, ಹಣಕಾಸು ಇಲಾಖೆಯ ಒಪ್ಪಿಗೆಯೊಂದಿಗೆ ಆಗುವ ಕೆಲಸ. ಶಾಸಕರು ಬೇಕಾಗುವುದು ಇಲ್ಲಿ.

ಹುದ್ದೆ ಇದೆ, ಆಳಿಲ್ಲ. ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್, ಕಿರಿಯ ಸಾರ್ವಜನಿಕ ಆರೋಗ್ಯ ನರ್ಸ್, ಇವರದ್ದು ಜಿಲ್ಲಾ ಮಟ್ಟದ ಪಿಎಸ್‌ಸಿ ಪಟ್ಟಿ. ಡಾಕ್ಟರದ್ದು ರಾಜ್ಯ ಮಟ್ಟದ್ದು. ಇಲಾಖೆ ಖಾಲಿ ಹುದ್ದೆಯನ್ನು ವರದಿ ಮಾಡದಿದ್ದರೆ ಪಿಎಸ್‌ಸಿ ಯಾರನ್ನೂ ಕಳುಹಿಸುವುದಿಲ್ಲ. ನಾಲ್ಕನೇ ಪ್ರಶ್ನೆ ಕೇಳಿದ್ದು ಇದಕ್ಕೇ. ನೇಮಕವಾದವರು ಬಂದು ಸೇರದಿದ್ದರೆ ಆ ಹುದ್ದೆಯನ್ನು ಮತ್ತೆ ಪಿಎಸ್‌ಸಿಗೆ ತಿಳಿಸಬೇಕು, ಇದಕ್ಕೆ ಎನ್‌ಜೆಡಿ (ನಾನ್ ಜಾಯಿನಿಂಗ್ ಡ್ಯೂಟಿ) ಎನ್ನುತ್ತಾರೆ. ತಿಳಿಸದೆ ಬಿಟ್ಟರೆ ರ‍್ಯಾಂಕ್ ಪಟ್ಟಿಯ ಅವಧಿ ಮುಗಿಯುವವರೆಗೂ ಹಾಗೇ ಇರುತ್ತದೆ.

ಕಾಗದದಲ್ಲಿ ಇದ್ದಾರೆ, ಕೆಲಸ ಬೇರೆ ಕಡೆ. ಇದೇ ವರ್ಕಿಂಗ್ ಅರೇಂಜ್‌ಮೆಂಟ್. ಹುದ್ದೆ ತುಂಬಿದೆ ಎಂದು ಲೆಕ್ಕ, ಆದರೆ ಕುರ್ಚಿ ಖಾಲಿ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ, ಅದಕ್ಕೇ ಎಷ್ಟೋ ಮನವಿಗಳಿಗೆ "ಅಲ್ಲಿ ಖಾಲಿ ಹುದ್ದೆ ಇಲ್ಲ" ಎಂಬ ಉತ್ತರ ಬರುವುದು. ಬೇಡಿಕೆ ಒಂದೇ ಸಾಲು: ಆ ಆದೇಶ ರದ್ದು ಮಾಡಿ, ಇಲ್ಲವೇ ಬದಲಿ ಆಳು ಕೊಡಿ. ಬೇಗ ಫಲ ಸಿಗುವುದೂ ಈ ಬಗೆಯಲ್ಲೇ, ಯಾಕಂದರೆ ಹೊಸ ಹಣ ಬೇಡ, ಹೊಸ ನೇಮಕ ಬೇಡ.

ದೀರ್ಘ ರಜೆ. ಹೆರಿಗೆ ರಜೆ, ಓದಿಗೆ ಹೋದವರು, ಸಂಬಳರಹಿತ ರಜೆಯಲ್ಲಿ ಇರುವವರು. ಇಲ್ಲಿ ನೌಕರರನ್ನು ದೂರುವುದು ಬೇಡ, ರಜೆ ಅವರ ಹಕ್ಕು. ಬದಲಿ ವ್ಯವಸ್ಥೆ ಕೇಳಿ.

ಆಳೂ ಇದ್ದಾರೆ, ಹಂಚಿಕೆ ಸರಿಯಿಲ್ಲ. ಮೂವರು ಡಾಕ್ಟರೂ ಬೆಳಿಗ್ಗೆ, ಮಧ್ಯಾಹ್ನ ಮೇಲೆ ಯಾರೂ ಇಲ್ಲ. ಇದು ಡ್ಯೂಟಿ ಪಟ್ಟಿಯ ಸಮಸ್ಯೆ. ವೈದ್ಯಾಧಿಕಾರಿ ಮತ್ತು ಎಚ್‌ಎಂಸಿ ಸೇರಿ ಒಂದೇ ಸಭೆಯಲ್ಲಿ ಮುಗಿಸಬಹುದು. ಇದನ್ನು ಹಿಡಿದುಕೊಂಡು ಮಂತ್ರಿಯವರೆಗೆ ಹೋಗಬೇಕಾ?

## ಹಂತ 5: ಎಚ್‌ಎಂಸಿಯಲ್ಲಿ ನಿರ್ಣಯ ಬರೆಸಿ

ಕೇರಳದಲ್ಲಿ ಅಧಿಕಾರ ವಿಕೇಂದ್ರೀಕರಣವಾದಾಗ ಪಿಎಚ್‌ಸಿಗಳು ಗ್ರಾಮ ಪಂಚಾಯತಿಗೆ, ಸಮುದಾಯ ಆರೋಗ್ಯ ಕೇಂದ್ರಗಳು ಬ್ಲಾಕ್ ಪಂಚಾಯತಿಗೆ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿಗೆ ಬಂದವು. ಕಟ್ಟಡ, ಔಷಧಕ್ಕೆ ಹೆಚ್ಚುವರಿ ಹಣ, ನಿರ್ವಹಣೆ ಪಂಚಾಯತಿನ ಕೈಯಲ್ಲಿ. ಆದರೆ ಖಾಯಂ ನೌಕರರ ನೇಮಕ, ವರ್ಗಾವಣೆ ಆರೋಗ್ಯ ಇಲಾಖೆಯದ್ದೇ. ಈ ಗೆರೆ ಗೊತ್ತಿರಲಿ. ಪಂಚಾಯತು ಅಧ್ಯಕ್ಷರನ್ನು ಹಿಡಿದು "ಡಾಕ್ಟರನ್ನು ವರ್ಗಾವಣೆ ಮಾಡಿಸಿ" ಎಂದು ಜಗಳವಾಡಿದರೆ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಇಲ್ಲದ್ದು ಅದು.

ಅಧ್ಯಕ್ಷರು ಎಚ್‌ಎಂಸಿಯ ನೇತೃತ್ವ ವಹಿಸಿರುತ್ತಾರೆ. ಹಂತ 4ರಲ್ಲಿ ಬೇರ್ಪಡಿಸಿದ ಕೊರತೆಗಳನ್ನು ಒಂದು ಪುಟದ ಪಟ್ಟಿ ಮಾಡಿ, ಅದನ್ನು ಸಭೆಯ ಕಾರ್ಯಸೂಚಿಗೆ ಮೊದಲೇ ಸೇರಿಸಿ, ಸಭೆಯಲ್ಲಿ ಬಾಯಿಮಾತಿಗೆ ಬಿಡಬೇಡಿ. ನಿರ್ಣಯದಲ್ಲಿ ಹುದ್ದೆಯ ಹೆಸರು, ಖಾಲಿಯಾದ ದಿನಾಂಕ, ಕೊರತೆಯ ಬಗೆ, ಯಾವ ಕಚೇರಿ ಏನು ಮಾಡಬೇಕು, ಇಷ್ಟು ಇರಲೇಬೇಕು. "ಸಿಬ್ಬಂದಿ ಕೊರತೆ ನೀಗಿಸಲು ಕ್ರಮ ಕೈಗೊಳ್ಳಲು ವಿನಂತಿಸಲು ತೀರ್ಮಾನಿಸಲಾಯಿತು" ಎಂಬ ನಿರ್ಣಯ ಕಂಡರೆ ಅದನ್ನು ಅಲ್ಲೇ ತಿದ್ದಿಸಿ. ಅದರಿಂದ ಏನೂ ಆಗುವುದಿಲ್ಲ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗೆ: ಅರ್ಜಿ, ದೂರು, ಅಹವಾಲು ಕನ್ನಡದಲ್ಲೇ ಇರಲಿ. ಎಚ್‌ಎಂಸಿ ನಿರ್ಣಯದ ಜೊತೆ ಮಾತ್ರ ಮಲಯಾಳ ಪ್ರತಿಯೂ ಹೋಗಲಿ, ಆ ಕಡತ ಕಾಸರಗೋಡು ದಾಟಿ ಹೋಗುವಂಥದ್ದು.

## ಹಂತ 6: ಖಾಯಂ ಆಗುವವರೆಗೆ ತಾತ್ಕಾಲಿಕ ಆಳು

ಹುದ್ದೆ ಸೃಷ್ಟಿಗೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಜ್ವರ ಬಂದವರು ಕಾಯುವುದಿಲ್ಲವಲ್ಲ. ದಾರಿಗಳು ಮೂರು. ಮಂಜೂರಾದ ಖಾಲಿ ಹುದ್ದೆಗೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಮೂಲಕ ತಾತ್ಕಾಲಿಕ ನೇಮಕ, ಇದು ಸಾಮಾನ್ಯವಾಗಿ 179 ದಿನ. ರಾಷ್ಟ್ರೀಯ ಆರೋಗ್ಯ ಮಿಷನ್ ಮೂಲಕ ಗುತ್ತಿಗೆ. ಮೂರನೆಯದು ಪಂಚಾಯತಿನ ಸ್ವಂತ ಯೋಜನೆ: ಸಂಜೆ ಒಪಿಗೆ ಡಾಕ್ಟರ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್.

ಮೂರನೆಯದರಲ್ಲಿ ಹೊತ್ತು ತಪ್ಪಿಸುವವರೇ ಜಾಸ್ತಿ. ಯೋಜನೆ ಗ್ರಾಮಸಭೆಯಲ್ಲಿ ಬರಬೇಕು, ಆರೋಗ್ಯದ ಕಾರ್ಯಗುಂಪಿನಲ್ಲಿ ಬರಬೇಕು, ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು ಎಂದು ಕಾನೂನಿದೆ, ಆದರೆ ವಾರ್ಷಿಕ ಯೋಜನೆ ರೂಪಿಸುವ ಗ್ರಾಮಸಭೆಯನ್ನು ಬಿಟ್ಟರೆ ಮುಂದಿನ ವರ್ಷಕ್ಕೇ ಹೋಯಿತು. ಆ ಸಭೆಯ ದಿನ ಕೋರಂ ಭರ್ತಿ ಮಾಡಲಷ್ಟೇ ಹೋಗಬೇಡಿ, ನಿಮ್ಮ ಬೇಡಿಕೆಯನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿ ಬನ್ನಿ.

ಎಚ್ಚರಿಕೆಯ ಗುರುತು: ತಾತ್ಕಾಲಿಕ ನೇಮಕದ ಅವಧಿ ಮುಗಿಯುವ ಎರಡು ತಿಂಗಳ ಮೊದಲೂ ಮುಂದಿನ ಸಂದರ್ಶನದ ಪ್ರಕಟಣೆ ಬಾರದಿದ್ದರೆ ಆ ಕುರ್ಚಿ ಮತ್ತೆ ಖಾಲಿಯಾಗುತ್ತದೆ ಎಂದೇ ತಿಳಿಯಿರಿ. ಅವಧಿ ಮುಗಿಯುವ ದಿನಾಂಕವನ್ನೂ ನೋಟ್‌ಬುಕ್ಕಿಗೆ ಹಾಕಿ.

## ಹಂತ 7: ಮೇಲಕ್ಕೆ ಹೋಗುವುದು

ನಿರ್ಣಯ ಡಿಎಂಒ ಕಚೇರಿಗೆ ತಲುಪಿ ಒಂದು ತಿಂಗಳಾದರೂ ಅಲುಗಾಟವಿಲ್ಲದಿದ್ದರೆ ತಾಲೂಕು ಅಭಿವೃದ್ಧಿ ಸಮಿತಿ ಸಭೆಯಲ್ಲಿ ಎತ್ತಿಸಿ. ಅಲ್ಲಿಂದ ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಅಭಿವೃದ್ಧಿ ಸಮಿತಿ. ಅಲ್ಲಿ ಕೇಳಿದ ಪ್ರಶ್ನೆಗೆ ಇಲಾಖೆ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಅದೇ ಅದರ ಶಕ್ತಿ.

ಕಾನೂನಿನ ದಾರಿಯೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಆಸ್ಪತ್ರೆ ಸೇವೆ ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿದೆ, ಖಾಯಂ ಲೋಕ ಅದಾಲತ್ತಿಗೆ ಹೋಗಬಹುದು. ಮಾನವ ಹಕ್ಕು ಆಯೋಗವೂ ಇದೆ. ಆದರೆ ಹಂತ 1ರಿಂದ 5ರ ಕಾಗದಗಳಿಲ್ಲದೆ ಅಲ್ಲಿಗೆ ಹೋಗಬೇಡಿ.

ಇನ್ನೊಂದು ಮಾತು, ಗಟ್ಟಿಯಾಗಿಯೇ ಹೇಳುತ್ತೇನೆ. ಡಾಕ್ಟರ ಮೇಲೆ, ನರ್ಸುಗಳ ಮೇಲೆ ಕೂಗಾಡುವುದು, ಬಾಗಿಲು ಬಡಿಯುವುದು, ಘೆರಾವ್ ಹಾಕುವುದು ಬೇಡವೇ ಬೇಡ. ಆರೋಗ್ಯ ಸಿಬ್ಬಂದಿಯ ರಕ್ಷಣೆಗೆ ಕೇರಳದಲ್ಲಿ 2012ರ ಕಾಯ್ದೆ ಇದೆ, 2023ರಲ್ಲಿ ಅದನ್ನು ತಿದ್ದಿ ಶಿಕ್ಷೆ ಹೆಚ್ಚಿಸಿದ್ದಾರೆ. ಅದಕ್ಕಿಂತ ಮುಖ್ಯ, ಗಲಾಟೆ ಆದ ಆಸ್ಪತ್ರೆಗೆ ಆಮೇಲೆ ಯಾರೂ ಬರಲು ಒಪ್ಪುವುದಿಲ್ಲ.

## ಹಂತ 8: ಬಂದವರು ಉಳಿಯುವ ಹಾಗೆ ಮಾಡಿ

ಕಾಸರಗೋಡಿನ ನಿಜವಾದ ಕಷ್ಟ ಇದು. ತೆಂಕಣ ಜಿಲ್ಲೆಗಳಿಂದ ಬಂದು ಸೇರುತ್ತಾರೆ, ಊರಿಗೆ ವರ್ಗಾವಣೆ ಸಿಗುವ ದಿನ ಎಣಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ಬೆಳ್ಳೂರಿಗೋ ದೇಲಂಪಾಡಿಗೋ ಬಂದ ಒಬ್ಬ ಯುವ ನರ್ಸಿಗೆ ಸುರಕ್ಷಿತ ಬಾಡಿಗೆ ಕೋಣೆ, ಊಟ, ಸಂಜೆ ಬಸ್ಸು ಇಲ್ಲದಿದ್ದರೆ ಯಾಕೆ ಉಳಿಯಬೇಕು?

ಮೊದಲ ವಾರದಲ್ಲೇ ವಾರ್ಡು ಸದಸ್ಯರು ಹೋಗಿ ಮಾತಾಡಿಸಬೇಕು. ವಾಸಕ್ಕೆ ಜಾಗ ಹುಡುಕಿಕೊಡಬೇಕು. ಕ್ವಾರ್ಟರ್ಸ್ ಇದ್ದರೆ ನೀರು, ಶೌಚಾಲಯ, ಬಾಗಿಲ ಚಿಲಕ ಸರಿಮಾಡಿಸಬೇಕು, ಇದಕ್ಕೆ ಪಂಚಾಯತಿನ ನಿರ್ವಹಣಾ ನಿಧಿ ಸಾಕು.

ಭಾಷೆ ಇನ್ನೊಂದು ಗೋಡೆ. ಡಾಕ್ಟರಿಗೆ ಮಲಯಾಳ, ಎದುರಿಗೆ ಕೂತ ಅಜ್ಜಿಗೆ ತುಳು ಅಥವಾ ಕನ್ನಡ, ಪಕ್ಕದವರಿಗೆ ಬ್ಯಾರಿ, ಕೊಂಕಣಿ, ಮರಾಠಿ. "ಹೊಟ್ಟೆಯಲ್ಲಿ ಉರಿ" ಎಂದದ್ದು "ಹೊಟ್ಟೆನೋವು" ಎಂದು ಚೀಟಿಯಲ್ಲಿ ಬಿದ್ದರೆ ಔಷಧವೇ ಬೇರೆ ಆಗುತ್ತದೆ. ಒಪಿ ಹೊತ್ತಿನಲ್ಲಿ ಎರಡೂ ಭಾಷೆ ಗೊತ್ತಿರುವ ಒಬ್ಬರು ಸಹಾಯಕ್ಕೆ ಇರುವಂತೆ ಎಚ್‌ಎಂಸಿ ನಿರ್ಣಯ ಮಾಡಲಿ. ಆಶಾ ಕಾರ್ಯಕರ್ತೆಯರನ್ನು ಇದಕ್ಕೆ ಬಳಸಿದರೆ ಅವರಿಗೆ ಹಣ ಕೊಡಬೇಕು, ಪುಕ್ಕಟೆ ಕೆಲಸ ಹೇರಬಾರದು. ಜೊತೆಗೆ ಸಾಮಾನ್ಯ ರೋಗಲಕ್ಷಣಗಳ ಒಂದು ಪುಟ, ಕನ್ನಡ, ತುಳು, ಮಲಯಾಳದಲ್ಲಿ, ಡಾಕ್ಟರ ಮೇಜಿನ ಮೇಲೆ ಇರಲಿ. ಹೊಸಬರು ಇದನ್ನು ಸಂತೋಷದಿಂದ ಬಳಸುತ್ತಾರೆ.

## ಹಂತ 9: ಸೇವೆಯ ಗುಣಮಟ್ಟ ಅಳೆಯಿರಿ

ಆಳು ತುಂಬಿದ ಕೂಡಲೇ ಸೇವೆ ತಾನಾಗಿ ಸುಧಾರಿಸುವುದಿಲ್ಲ. ಇದಕ್ಕೆ ಎನ್‌ಕ್ಯೂಎಎಸ್ ಎಂಬ ರಾಷ್ಟ್ರೀಯ ಗುಣಮಟ್ಟದ ಅಳತೆ ಇದೆ. ಸೇವೆಗಳು, ರೋಗಿಯ ಹಕ್ಕು, ಸಂಪನ್ಮೂಲ, ಪೂರಕ ಸೇವೆ, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ ಎಂಬ ಎಂಟು ವಿಭಾಗ. ಪ್ರಮಾಣಪತ್ರಕ್ಕೆ ಒಟ್ಟಾರೆ ನೂರಕ್ಕೆ 70 ಆದರೂ ಬರಬೇಕು. ಇದೇ ಜಿಲ್ಲೆಯ ಕಯ್ಯೂರು ಕುಟುಂಬ ಆರೋಗ್ಯ ಕೇಂದ್ರ 99 ಅಂಕ ಪಡೆದು ದೇಶಕ್ಕೇ ಮೊದಲಾಗಿತ್ತು. ಹಾಗಾಗಿ "ಕಾಸರಗೋಡಲ್ಲಿ ಆಗದು" ಎಂಬ ಮಾತನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ.

ಚೆಕ್‌ಲಿಸ್ಟನ್ನು ಎಚ್‌ಎಂಸಿ ಸಭೆಯಲ್ಲಿ ಕೇಳಿ ಪಡೆಯಿರಿ. ಎರಡು ಜಾಗ ಮೊದಲು ನೋಡಿ. ಸಂಪನ್ಮೂಲ ವಿಭಾಗದಲ್ಲಿ ರೋಗಿಗಳ ಸಂಖ್ಯೆಗೆ ತಕ್ಕಷ್ಟು ತರಬೇತಿ ಪಡೆದ ಸಿಬ್ಬಂದಿ ಇರಬೇಕು ಎಂದಿದೆ, ಅದು ನಿಮ್ಮ ಹುದ್ದೆಯ ಬೇಡಿಕೆಗೆ ಇನ್ನೊಂದು ಆಧಾರ. ರೋಗಿಯ ಹಕ್ಕು ವಿಭಾಗದಲ್ಲಿ ಸೇವೆಯ ಮಾಹಿತಿ ಸ್ಥಳೀಯ ಭಾಷೆಯಲ್ಲಿರಬೇಕು ಎಂದಿದೆ. ಕುಂಬಳೆ, ಬದಿಯಡ್ಕ, ಪೈವಳಿಕೆ, ವರ್ಕಾಡಿಯಲ್ಲಿ ಸ್ಥಳೀಯ ಭಾಷೆ ಅಂದರೆ ಕನ್ನಡವೂ ಸೇರಿತು ಅಲ್ವಾ? ಒಪಿ ಸಮಯ, ಲಸಿಕೆಯ ದಿನ, ಔಷಧ ಕೌಂಟರ್, ದೂರು ಪೆಟ್ಟಿಗೆ, ಎಲ್ಲದಕ್ಕೂ ಕನ್ನಡ ಫಲಕ ಕೇಳಿ.

ಪ್ರಮಾಣಪತ್ರದ ಅವಧಿ 3 ವರ್ಷ. ತಪಾಸಣೆಗೆ ತಂಡ ಬರುವ ಮುನ್ನ ಬಣ್ಣ ಬಳಿದು, ಹೂಕುಂಡ ಇಟ್ಟು, ತಂಡ ಹೋದ ಮೇಲೆ ಲ್ಯಾಬಿಗೆ ಬೀಗ ಬಿದ್ದರೆ ಅದು ಕೆಟ್ಟ ಲಕ್ಷಣ. ಇನ್ನೂ ಕೆಲವು: ಒಪಿ ಟಿಕೆಟಿನ ಸಂಖ್ಯೆ ಇಳಿಯುತ್ತಾ ಬರುವುದು, ಫಾರ್ಮಸಿಸ್ಟ್ ರಜೆಯ ದಿನ ಕೌಂಟರ್ ಪೂರ್ತಿ ಮುಚ್ಚುವುದು, ಎಚ್‌ಎಂಸಿ ಸಭೆ ತಿಂಗಳುಗಟ್ಟಲೆ ಮುಂದೂಡುವುದು, ದೂರು ಪೆಟ್ಟಿಗೆಯ ಕೀಲಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದಿರುವುದು.

ಸಾಮಾನ್ಯ ವರ್ಗಾವಣೆಯ ಕಾಲ ಹೆಚ್ಚಾಗಿ ಏಪ್ರಿಲ್‌ನಿಂದ ಜೂನ್. ಆದ್ದರಿಂದ ಹಂತ 3ರ ಅರ್ಜಿಯನ್ನು ಪ್ರತಿ ವರ್ಷ ಫೆಬ್ರವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಇನ್ನೊಮ್ಮೆ ಹಾಕಿ. ಎರಡೂ ಉತ್ತರ ಪಕ್ಕದಲ್ಲಿಟ್ಟರೆ ಮಳೆಗಾಲದ ಜ್ವರದ ಹೊತ್ತಿಗೆ ಯಾವ ಕುರ್ಚಿ ಖಾಲಿ ಎಂದು ಗೊತ್ತಾಗುತ್ತದೆ, ಆ ತಿಂಗಳ ಎಚ್‌ಎಂಸಿ ಸಭೆಗೆ ಆ ಪಟ್ಟಿ ಹಿಡಿದುಕೊಂಡೇ ಹೋಗಿ.